ತಿಳಿನೀರಿಗೆ ಯಾವ ಬಣ್ಣ

ಬೇಕರಿಯವನು ಕಂದು ಬಣ್ಣದ ಗಾಳದ ಜಿಗ್ಗನ್ನು ಶವಪೆಟ್ಟಿಗೆಯಲ್ಲಿ ಮಲಗಿದ್ದ ಟೈಲರನ ಕೋಟಿನ ಎದೆಜೇಬಿಗೆ ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದುಕೊಂಡ.

"ಏನದು? ಕಂದಾ? ತಲೆ ನೆಟ್ಟಗಿದೆಯಾ ನಿನಗೆ? ಟೈಲರಣ್ಣ ತಿಳಿನೀರಿಗೆ ಕಂದು ಕಟ್ಟಿದ್ದು ಯಾವತ್ತು?"

"ಕೈ ಬಿಡೋ ಮಾರಾಯ. ಕಂದೇ ಕಟ್ಟು ಅಂತ ನನಗೆ ಹೇಳಿಕೊಟ್ಟಿದ್ದೇ ಅವರು."

"ನನಗೆ ಹಸಿರು ಅಂದಿದ್ರು. ಬರೀ ಹಸಿರು."

ಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದ ಟೈಲರನ ಹೆಂಡತಿಗೆ ಇದರ ತಲೆಬುಡ ತಿಳಿಯಲಿಲ್ಲ. ಸಾವಿನ ಮನೆಯಲ್ಲಿ ಜಗಳ ಆಗುವುದೇ ಆದರೆ ಆಸ್ತಿಗೆ ಆಗುತ್ತದೆ. ಬಣ್ಣಕ್ಕೆ ಆದದ್ದನ್ನು ಆಕೆ ಕೇಳಿರಲಿಲ್ಲ.

ಬಂದವರಲ್ಲಿ ಯಾರೋ ಆಕೆಗೆ ಬಿಡಿಸಿ ಹೇಳಿದರು. ಊರಾಚೆಯ ಹಳೆಯ ಕಲ್ಲುಕ್ವಾರಿಯ ಹೊಂಡದಲ್ಲಿ ಬಾಸ್ ಮೀನು ಹಿಡಿಯುವವರದೊಂದು ಕಟ್ಟಳೆಯಿದೆಯಂತೆ. ತಮ್ಮವನೊಬ್ಬ ತೀರಿಕೊಂಡರೆ, ಅವನು ನೆಚ್ಚಿಕೊಂಡಿದ್ದ ಜಿಗ್ಗನ್ನು ಜೇಬಿಗೆ ಹಾಕಿಯೇ ಅವನನ್ನು ಕಳಿಸಬೇಕು. ಜಿಗ್ಗು ಅಂದರೆ ಸೀಸದ ಪುಟ್ಟ ತಲೆ, ಅದರಿಂದ ಹೊರಟ ಒಂದು ಕೊಕ್ಕೆ, ಕೊಕ್ಕೆಯ ಮಾನ ಮುಚ್ಚಲು ರಬ್ಬರ್ ಎಳೆಗಳ ಒಂದು ಲಂಗ. ಆ ಹೊಂಡದ ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲುಗಳೆಲ್ಲ ಕಾಣುತ್ತವೆ. ತಳ ನಮಗೆ ಕಂಡಂತೆ ಮೀನಿಗೆ ನಾವೂ ಕಾಣುತ್ತೇವೆ. ದಪ್ಪ ದಾರ ಕಂಡರೆ ಹತ್ತಿರ ಬರುವುದಿಲ್ಲ, ಅಬ್ಬರದ ಬಣ್ಣ ಕಂಡರೆ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಅವರಿಗೆ ಬಣ್ಣವೆಂದರೆ ಹುಡುಗಾಟವಲ್ಲ.

"ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ?" ಎನ್ನುತ್ತ ಮುದಿ ಪೋಸ್ಟ್‌ಮ್ಯಾನ್ ತನ್ನ ಅಂಗಿಯ ಜೇಬಿನಿಂದ ಇನ್ನೊಂದನ್ನು ತೆಗೆದ. "ನನಗೆ ಹೇಳಿದ್ದು ಇಟ್ಟಿಗೆ ಕೆಂಪು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂದು, ಹಸಿರು, ಇಟ್ಟಿಗೆ ಕೆಂಪು. ಎಲೆಕ್ಟ್ರಿಷಿಯನ್‌ನ ಮುಖ ಮೆಲ್ಲಗೆ ಗಂಟಿಕ್ಕಿತು. ಟೈಲರನ ಬೆನ್ನು ಬಿಡದೆ ಹೊಂಡಕ್ಕೆ ಹೋಗುತ್ತಿದ್ದವನು ಅವನೇ. ಬೆಳಗಿನಿಂದ ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು.

"ಅರ್ಥ ಆಯ್ತು ಬಿಡಿ," ಅಂದ. "ಒಬ್ಬೊಬ್ಬರ ಕಿವಿಗೆ ಒಂದೊಂದು ಹೂವು. ನಿಜವಾದ್ದನ್ನ ಮಾತ್ರ ತಾನೇ ಇಟ್ಕೊಂಡ. ಇಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ನನ್ನ ಆಟ ಆಡಿಸಿದಾನೆ."

"ಸತ್ತವರ ಮುಂದೆ ಹಿಂಗೆಲ್ಲ ಮಾತಾಡ್ಬಾರ್ದು," ಎಂದ ಪೋಸ್ಟ್‌ಮ್ಯಾನ್.

"ಬದುಕಿದ್ದಾಗ ಗೊತ್ತಾಗಿದ್ರೆ ಬದುಕಿದ್ದಾಗಲೇ ಕೇಳ್ತಿದ್ದೆ. ಹೆಗಲು ಕೊಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಸುಳ್ಳುಗಾರನ್ನ ನಾನು ಹೊರಲ್ಲ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಟೈಲರನ ಹೆಂಡತಿ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತಳು. ಗಂಡನ ಮೇಲೆ ಹೊರಿಸಲು ಬೇರೆ ತಪ್ಪುಗಳು ಬೇಕಾದಷ್ಟಿದ್ದವು. ಗೊರಕೆ, ಹಟ, ತಲೆಗೆ ಎಣ್ಣೆ ಹಚ್ಚಿಕೊಂಡು ದಿಂಬು ಹಾಳುಮಾಡುವುದು. ಸುಳ್ಳುಗಾರ ಎಂದು ಮಾತ್ರ ಯಾರೂ ಅಂದಿರಲಿಲ್ಲ. ಮಣ್ಣಿಗೆ ಹೋಗುವ ಹೊತ್ತಿನಲ್ಲಿ ಆ ಹೆಸರು ಮೆತ್ತಿಕೊಂಡು ಹೋಗಬೇಕೇ? ತಾನು ಒಂದು ಮಾತು ಹೇಳಿದರೆ ಎಲ್ಲ ತಿಳಿಯಾಗುತ್ತದೆ. ಆ ಒಂದು ಮಾತನ್ನೇ ಹೇಳುವುದಿಲ್ಲವೆಂದು ಆಕೆ ಅವನಿಗೆ ಭಾಷೆ ಕೊಟ್ಟಿದ್ದಳು.

*

ಮದುವೆಯಾದ ಹೊಸತು. ಬ್ಯಾಂಕಿನವರೊಬ್ಬರ ಹಸಿರು ಕೋಟನ್ನು ಟೈಲರ್ ಇಟ್ಟಿಗೆ ಕೆಂಪು ದಾರದಲ್ಲಿ ಹೊಲಿದು ಕೊಟ್ಟಿದ್ದ. ಬ್ಯಾಂಕಿನವರು ಅಂಗಡಿ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಅವನ ನೀರಿಳಿಸಿ ಹೋದರು. ಸಂಜೆ ಅವನು ಷಟರ್ ಅರ್ಧ ಎಳೆದು ಒಳಗೇ ಕೂತಿದ್ದ. ಹೆಂಡತಿ ಕರೆಯಲು ಬಂದಾಗ ಎರಡು ದಾರದುಂಡೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇವೆರಡೂ ಬೇರೆ ಬೇರೆನಾ?"

ಆಕೆ ತಮಾಷೆ ಅಂದುಕೊಂಡು ನಕ್ಕಳು. ಅವನು ನಗಲಿಲ್ಲ.

"ನನಗೆ ಎರಡೂ ಒಂದೇ ಥರ ಕಾಣುತ್ತೆ. ಹಸಿರು, ಕಂದು, ಈ ಥರದ ಕೆಂಪು, ಎಲ್ಲಾ ಒಂದೇ. ಹುಟ್ಟಿದಾಗಿನಿಂದ ಹಿಂಗೇ. ಬಣ್ಣ ಕಾಣದ ಟೈಲರ್‌ಗೆ ಯಾರು ಬಟ್ಟೆ ಕೊಡ್ತಾರೆ ಹೇಳು? ಯಾರ ಹತ್ರನೂ ಬಾಯಿ ಬಿಡಬೇಡ. ನಾನು ಸತ್ತ ಮೇಲೂ."

ಮಾರನೆಯ ದಿನದಿಂದ ಮಿಷನ್ನಿನ ಪಕ್ಕ ಆಕೆಯ ಕುರ್ಚಿ ಬಂತು. ದಾರ ಆರಿಸುವುದು ಆಕೆ, ಗುಂಡಿ ಆರಿಸುವುದು ಆಕೆ. "ಹೆಂಡತಿ ಸೆರಗು ಬಿಟ್ಟು ಒಂದು ಗಳಿಗೆ ಇರಲ್ಲ ನೋಡು ಇವನು," ಎಂದು ಬೀದಿಯವರು ಕಾಡಿಸುತ್ತಿದ್ದರು. ಅವನು ನಾಚಿದವನಂತೆ ನಗುತ್ತಿದ್ದ. ಮಗಳಿಗೂ ಈ ಗುಟ್ಟು ಗೊತ್ತಾಗಲಿಲ್ಲ.

ರಜಾದಿನ ಮಾತ್ರ ಅವನು ಹೆಂಡತಿಯಿಲ್ಲದೆ ಹೊಂಡಕ್ಕೆ ಹೊರಡುತ್ತಿದ್ದ. ಮೀನಿನ ಪೆಟ್ಟಿಗೆ ತುಂಬ ಬಣ್ಣಬಣ್ಣದ ಜಿಗ್ಗುಗಳು. ಒಮ್ಮೆ ಆಕೆ ತಡೆಯಲಾರದೆ, "ಅಲ್ಲಿ ಬಣ್ಣ ಯಾರು ಹೇಳ್ತಾರೆ ನಿಮಗೆ?" ಎಂದು ಕೇಳಿದ್ದಳು.

"ಅಲ್ಲಿ ಬಣ್ಣ ಬೇಕಾಗೋದೇ ಇಲ್ಲ ಕಣೇ," ಎಂದಿದ್ದ.

*

ಬೇಕಾಗುವುದೇ ಇಲ್ಲವಂತೆ! ಇಲ್ಲಿ ನೋಡಿದರೆ ಬಣ್ಣಕ್ಕಾಗಿ ಹೆಣದ ಮುಂದೆ ಕೈಕೈ ಮಿಲಾಯಿಸುತ್ತಿದ್ದಾರೆ. ಆಕೆಗೆ ಯಾವುದನ್ನು ನಂಬಬೇಕೋ ತೋಚಲಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದಳು. ಅಲ್ಲಿ ಬೇಕರಿಯವನು ತಾನೇ ತಂದ ಬ್ರೆಡ್ಡನ್ನು ತಟ್ಟೆಗೆ ಜೋಡಿಸುತ್ತಿದ್ದ. ದುಃಖವಾದರೆ ಕೈಗೆ ಕೆಲಸ ಬೇಕೆನ್ನುವ ಜಾತಿ.

"ಅವರು ನಿಮಗೆ ಬಣ್ಣ ಹೇಳಿಕೊಡ್ತಿದ್ದಿದ್ದು ಹೆಂಗೆ?" ಎಂದು ಕೇಳಿದಳು.

"ಪರೀಕ್ಷೆ ಅತ್ತಿಗೆ, ದೊಡ್ಡ ಪರೀಕ್ಷೆ! ಪೆಟ್ಟಿಗೆಯಿಂದ ಒಂದು ಜಿಗ್ಗು ತೆಗೆದು ಮುಖದ ಮುಂದೆ ಹಿಡಿಯೋರು. ‘ಇದು ಯಾವ ಬಣ್ಣ, ಹೇಳು ನೋಡೋಣ?’ ಅನ್ನೋರು. ನಾನು ಕಂದು ಅಂದೆ. ‘ಶಭಾಷ್, ತಿಳಿನೀರಿಗೆ ಇದೇ’ ಅಂದ್ರು. ಆಮೇಲೆ ಪ್ರತಿ ಸಲಾನೂ ನಾನು ಕಟ್ಟಿದ್ದನ್ನೇ ಹಿಡಿದು ಕೇಳೋರು, ಮರೆತುಬಿಟ್ಟೀನೇನೋ ಅಂತ."

"ಎಲ್ಲರನ್ನೂ ಕೇಳ್ತಿದ್ರಾ?"

"ಹೊಂಡದ ಹತ್ರ ಸಿಕ್ಕಿದ ಎಲ್ಲರನ್ನೂ. ಎಲೆಕ್ಟ್ರಿಷಿಯನ್ನಂತೂ ಉರಿದುಬೀಳೋನು. ‘ದಿನಾ ವೈರ್ ಮುಟ್ಟೋನು ನಾನು, ಬಣ್ಣ ತಪ್ಪಿದ್ರೆ ಸುಟ್ಟು ಬೂದಿಯಾಗ್ತೀನಿ, ನನಗೇ ಪರೀಕ್ಷೆ ಮಾಡ್ತೀಯಾ ಅಣ್ಣಾ’ ಅನ್ನೋನು. ಆದ್ರೂ ಹೇಳೋನು."

"ನಿಮ್ಮ ಕಂದಿಗೆ ಮೀನು ಬೀಳ್ತಿತ್ತಾ?"

"ಬೀಳದೆ ಏನು?"

"ಎಲೆಕ್ಟ್ರಿಷಿಯನ್ ಕಟ್ಟೋ ಹಸಿರಿಗೆ?"

"ಅದಕ್ಕೂ ಬೀಳುತ್ತೆ. ಅದೇ ಅತ್ತಿಗೆ ಬೆಳಗಿನಿಂದ ನನ್ನ ತಲೆ ತಿಂತಿರೋದು."

ಆಕೆಗೆ ನಗು ಬಂತು. ಗಂಡ ಕೈಗೆ ಬಂದದ್ದನ್ನು ಹಿಡಿದು ಕೇಳಿದ್ದಾನೆ, ಅವರು ಹೇಳಿದ ಬಣ್ಣಕ್ಕೆ ತಲೆಯಾಡಿಸಿದ್ದಾನೆ. ಮೋಸವೇನೂ ಇಲ್ಲ. ಆದರೆ ತನ್ನ ಕಣ್ಣಿಲ್ಲದೆ ಅವನಿಗೆ ಒಂದು ದಿನವೂ ನಡೆಯದು ಎಂದುಕೊಂಡೇ ಆಕೆ ಆ ಕುರ್ಚಿಯಲ್ಲಿ ಕೂತು ಮುದುಕಿಯಾಗಿದ್ದಳು. ಅವನೋ ದಾರಿಹೋಕರ ಕಣ್ಣುಗಳನ್ನೆಲ್ಲ ಪುಕ್ಕಟೆ ಬಳಸಿಕೊಂಡಿದ್ದ. ಹಾಗಿದ್ದ ಮೇಲೆ ತಾನೇಕೆ ಬೇಕಿತ್ತು? ಹೆಣವಿನ್ನೂ ಮನೆಯಲ್ಲಿರುವಾಗ ಇಂಥ ಹೊಟ್ಟೆಕಿಚ್ಚು ಬಂತಲ್ಲ ಎಂದು ಆಕೆಗೆ ನಾಚಿಕೆಯೂ ಆಯಿತು.

ನಡುಮನೆಯಿಂದ ಗದ್ದಲ ಕೇಳಿತು. ಮುಚ್ಚಳ ಹಾಕುವ ಹೊತ್ತಾಗಿತ್ತು. ರಾಜಿ ಮಾಡಲು ಹೋದ ಪೋಸ್ಟ್‌ಮ್ಯಾನ್ ಎಲೆಕ್ಟ್ರಿಷಿಯನ್ ಬಿಟ್ಟುಹೋದ ಹಸಿರನ್ನೂ ಸೇರಿಸಿ ಮೂರೂ ಜಿಗ್ಗುಗಳನ್ನು ಎದೆಜೇಬಿಗೆ ತುರುಕಿದ್ದ. ಅದನ್ನು ಕಂಡ ಎಲೆಕ್ಟ್ರಿಷಿಯನ್, "ನನ್ನದು ಬೇಡ, ನನ್ನದನ್ನ ವಾಪಸ್ ಕೊಡಿ," ಎನ್ನುತ್ತ ನುಗ್ಗಿ ಬಂದು ಹಸಿರು ಜಿಗ್ಗನ್ನು ಎಳೆದ. ಕೊಕ್ಕೆಗಳು ಜೇಬಿನ ಬಟ್ಟೆಗೆ ತೊಡರಿಕೊಂಡಿದ್ದವು. ಪರ್‍ರೆಂದು ಜೇಬು ಹರಿದು ಜೋತುಬಿತ್ತು. ಹಸಿರು ಜಿಗ್ಗು ಅವನ ಕೈಗೆ ಬಂತು, ಉಳಿದೆರಡು ಎದೆಯ ಮೇಲೆ ಬಿದ್ದವು.

"ಅಪ್ಪನ ಕೋಟು!" ಎಂದು ಮಗಳು ಕೂಗಿದಳು. ಅವಳ ಮದುವೆಗೆಂದು ಟೈಲರ್ ತನಗೆ ತಾನೇ ಹೊಲಿದುಕೊಂಡ ಕೋಟು ಅದು.

ಎಲೆಕ್ಟ್ರಿಷಿಯನ್ ಇದ್ದಲ್ಲೇ ನಿಂತುಬಿಟ್ಟ. ತಾಯಿ ಅಡುಗೆಮನೆಯಿಂದ ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು.

"ಹರಿದ ಬಟ್ಟೇಲಿ ಟೈಲರ್‌ನ ಕಳಿಸೋಕಾಗುತ್ತಾ? ಸೂಜಿ ತಗೊಂಡು ಬಾ. ಅಂಗಡಿಯಿಂದ ದಾರದ ಡ್ರಾಯರೂ ತಾ."

ಮಗಳು ಡ್ರಾಯರನ್ನೇ ಹೊತ್ತು ತಂದಳು. ಆಕೆ ಒಂದು ಉಂಡೆ ತೆಗೆದು ಕೋಟಿನ ಮೇಲಿಟ್ಟಳು. ಇನ್ನೊಂದನ್ನು ತೆಗೆದಿಟ್ಟಳು. ಬೆಳಗಿನಿಂದ ಬಾರದ ಅಳು ಆಗಲೇ ಬಂತು. ಕಣ್ಣು ತುಂಬಿ ಹಸಿರೂ ಕಂದೂ ಒಂದರೊಳಗೊಂದು ಹರಿದುಹೋದವು. ಒರೆಸಿಕೊಂಡಷ್ಟೂ ಕಣ್ಣು ತುಂಬಿಕೊಳ್ಳುತ್ತಿತ್ತು. ಕೋಟಿನ ಬಣ್ಣವಾದರೂ ಏನೆಂದು ಆಕೆಗೆ ತಿಳಿಯದಾಯಿತು. ಜೀವಮಾನದಲ್ಲಿ ಮೊದಲ ಸಲ ಆಕೆಗೆ ದಾರ ಆರಿಸಲಾಗಲಿಲ್ಲ. ಗಾಬರಿಯಾಗಿ, ಎದುರಿಗೆ ಯಾರಿದ್ದಾರೆಂದೂ ನೋಡದೆ, ಉಂಡೆಯನ್ನು ಮೇಲೆತ್ತಿ ಹಿಡಿದಳು.

"ಇದು ಯಾವ ಬಣ್ಣ, ಹೇಳಿ ನೋಡೋಣ?"

"ಹಸಿರು," ಎಂದ ಎಲೆಕ್ಟ್ರಿಷಿಯನ್, ರೂಢಿಯಂತೆ ಥಟ್ಟನೆ.

ಉಂಡೆಯನ್ನು ನೋಡಿದ, ಆಕೆಯ ಕಣ್ಣು ನೋಡಿದ, ಪೆಟ್ಟಿಗೆಯಲ್ಲಿದ್ದವನನ್ನು ಬಹಳ ಹೊತ್ತು ನೋಡಿದ. ಅದೇ ಪ್ರಶ್ನೆಗೆ ಅದೇ ದಂಡೆಯ ಮೇಲೆ ಕೂತು ಅವನು ಎಷ್ಟು ಸಲ ಉತ್ತರ ಹೇಳಿದ್ದನೋ.

"ಅತ್ತಿಗೆ... ಟೈಲರಣ್ಣಂಗೆ..."

"ಏನೂ ಕೇಳಬೇಡಿ," ಎಂದಳು ಆಕೆ. "ನಾನು ಹೇಳಲ್ಲ."

"ಇಲ್ಲ. ಕೇಳಲ್ಲ."

ಅವನು ಕೈಯಲ್ಲಿದ್ದ ಹಸಿರು ಜಿಗ್ಗನ್ನು ಟೈಲರನ ಎದೆಯ ಮೇಲೆ, ಉಳಿದೆರಡರ ಪಕ್ಕದಲ್ಲಿಟ್ಟ. ಆಮೇಲೆ ಮೂಲೆಯಲ್ಲಿದ್ದ ಮೀನಿನ ಪೆಟ್ಟಿಗೆಯನ್ನು ತೆರೆದು, ಗಾಳದ ದಾರದ ಸುರುಳಿಯೊಂದನ್ನು ಹುಡುಕಿ ತಂದ.

"ಇದಾಗುತ್ತಾ ನೋಡಿ. ಜಿಗ್ಗು ಹಗುರ ಇರಲಿ, ತಿಳಿನೀರಿಗೆ ದಾರ ಮಾತ್ರ ಕಾಣಬಾರದು ಅನ್ನೋರು. ಇದನ್ನ ಅವರೇ ಹೋಗಿ, ಅವರೇ ಆರಿಸಿ ತರೋರು." ಅವನು ಎಳೆಯ ತುದಿಯನ್ನು ಬಿಡಿಸಿ ಆಕೆಯ ಕೈಗಿಟ್ಟ. "ಇದೊಂದರ ಬಣ್ಣ ಮಾತ್ರ ಅವರು ನನ್ನನ್ನ ಯಾವತ್ತೂ ಕೇಳಲಿಲ್ಲ ಅತ್ತಿಗೆ."

ಆಕೆ ಎಳೆಯನ್ನು ಬೆಳಕಿಗೆ ಹಿಡಿದಳು. ಕೂದಲಿಗಿಂತ ತುಸು ದಪ್ಪ, ಬಣ್ಣವೇ ಇಲ್ಲ. ದಿನವಿಡೀ ಮಿಷನ್ನಿನ ಮುಂದೆ ಒಂದೊಂದು ದಾರಕ್ಕೂ ಹೆದರಿ ಕೂರುತ್ತಿದ್ದ ಮನುಷ್ಯ. ಅಲ್ಲಿ ಹೊಂಡದ ದಂಡೆಯಲ್ಲಿ ಅವನ ಕೈಯಲ್ಲಿದ್ದದ್ದು ತಾನೇ ಆರಿಸಿದ, ಯಾರಿಗೂ ಕಾಣದ ದಾರ. ಅದಕ್ಕಾಗಿಯೇ ಹೋಗುತ್ತಿದ್ದನೋ, ಮೀನಿಗೆ ಹೋಗುತ್ತಿದ್ದನೋ, ಈಗ ಕೇಳುವುದು ಯಾರನ್ನು? ಆದರೂ ಹೊಟ್ಟೆಕಿಚ್ಚು ಇಳಿದಿತ್ತು.

ಪೋಸ್ಟ್‌ಮ್ಯಾನ್ ಕನ್ನಡಕ ಏರಿಸಿ ಸೂಜಿಗೆ ದಾರ ಪೋಣಿಸಿಕೊಟ್ಟ. ಆಕೆ ಮೂರೂ ಜಿಗ್ಗುಗಳನ್ನು ಒಳಗೆ ಸೇರಿಸಿ ಹೊಲಿಯತೊಡಗಿದಳು. ದಾರ ಜಾರುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಪೆಟ್ಟಿಗೆಯ ಮುಂಭಾಗದ ಹಿಡಿಯ ಬಳಿ ಹೋಗಿ ನಿಂತಿದ್ದ. ಹೊಲಿಗೆ ಮುಗಿಯಿತು. ಆಕೆ ಗಂಟು ಹಾಕಿ, ರೂಢಿಯಂತೆ ಬಗ್ಗಿ ದಾರವನ್ನು ಹಲ್ಲಿನಿಂದ ಕಚ್ಚಿದಳು.

ಅದು ಹರಿಯಲಿಲ್ಲ. ಇನ್ನೊಮ್ಮೆ ಕಚ್ಚಿದಳು. ದಾರವನ್ನು ಹಲ್ಲಿನಲ್ಲಿ ಹಿಡಿದುಕೊಂಡೇ, ಕೆನ್ನೆಯನ್ನು ಅವನ ಎದೆಗೆ ಒತ್ತಿ ಹಾಗೆಯೇ ಉಳಿದಳು. ಬೇಕರಿಯವನು ಆಕೆಯನ್ನು ಎಬ್ಬಿಸಲು ಮುಂದೆ ಬರಹೊರಟ. ಸೊಂಟದ ಚೀಲದಿಂದ ವೈರ್ ಕಟರ್ ತೆಗೆದು ಹಿಡಿದಿದ್ದ ಎಲೆಕ್ಟ್ರಿಷಿಯನ್ ಅವನನ್ನು ಮೊಣಕೈಯಿಂದ ತಡೆದು, ಕಟರನ್ನು ಸದ್ದಾಗದಂತೆ ಬೆನ್ನ ಹಿಂದೆ ಸರಿಸಿಕೊಂಡ.