ಮೂರನೆಯ ಕಾರ್ಬನ್

ಫ್ಯಾನಿನ ಗಾಳಿಗೆ ಉತ್ತರಪತ್ರಿಕೆಯ ಮೂಲೆ ಏಳುತ್ತಿದೆ, ಮೊಣಕೈ ಊರಿದೆ, ಈಗ ಏಳು ನೋಡೋಣ — ಕೊನೆಯ ಪ್ರಶ್ನೆ, 3-ಈಥೈಲ್-3-ಮೀಥೈಲ್‌ಹೆಕ್ಸೇನ್, ರಚನಾಸೂತ್ರ ಬರೆಯಿರಿ, ಇಂಥ ಹೆಸರು ಕಂಡರೆ ಪುಟ ಮಗುಚಿಬಿಡುತ್ತಿದ್ದೆ, ಇವತ್ತು ಇಲ್ಲ, ಬಾಲದಿಂದ ಓದಮ್ಮ, ಮಗಳು ತರಕಾರಿ ಹೆಚ್ಚುತ್ತಾ ಹೇಳಿಕೊಟ್ಟದ್ದು, ಮೊದ್ಲು ಮನೆತನ ಯಾವ್ದು ನೋಡ್ಕೋ, ಮಕ್ಕಳುಮರಿ ಆಮೇಲೆ, ಹೆಕ್ಸೇನ್ ಅಂದರೆ ಆರು ಕಾರ್ಬನ್, ಒಂದೇ ಸಾಲು, ಬರೆದೆ, ಎಡದಿಂದ ಎಣಿಸಿದೆ, ಮೂರನೆಯದು ಇಲ್ಲಿ ನಿಂತಿದೆ, ಅದರ ತಲೆಯ ಮೇಲೆ ಎರಡು ಕಾರ್ಬನ್ನಿನ ಈಥೈಲ್, ಕಾಲಡಿ ಒಂದೇ ಕಾರ್ಬನ್ನಿನ ಮೀಥೈಲ್, ನೀರು ಕುಡಿದಷ್ಟು ಸಲೀಸು. ಇನ್ನು ಹೈಡ್ರೋಜನ್ ಬಡಿಸುವುದು, ತುದಿಯವಕ್ಕೆ ಮೂರು ಮೂರು, ನಡುವಿನವಕ್ಕೆ ಎರಡೆರಡು — ಹಿಂದಿನ ಎರಡು ಸಲವೂ ನಾನು ಎಡವಿದ್ದು ಇಲ್ಲೇ, ಕಾರ್ಬನ್‌ಗೆ ನಾಲ್ಕೇ ಕೈ ಕಣಮ್ಮ, ನೀನು ಐದನೇದು ಅಂಟಿಸ್ತೀಯಲ್ಲ, ಏನು ಮಾಡಲಿ, ಸಾಲಿನಲ್ಲಿ ಕೂತ ಯಾರ ತಟ್ಟೆಯೂ ಖಾಲಿ ಇರಬಾರದು ಎಂದು ರೂಢಿಯಾದ ಕೈ, ಬೇಡ ಬೇಡ ಎಂದರೂ ಬಡಿಸುತ್ತದೆ, ನಾದಿನಿ ಹೊಟ್ಟೆ ಹಿಡಿದು ನಕ್ಕಿದ್ದಳು, ಅತ್ತಿಗೆ, ನಿಮ್ಮ ಕೈಗೆ ಸಿಕ್ಕಿದ್ರೆ ಪಾಪ ಕಾರ್ಬನ್‌ಗೂ ಅಜೀರ್ಣ, ನಾನೂ ನಕ್ಕೆ, ಆಮೇಲೆ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಬಡ್ತಿ ಪರೀಕ್ಷೆಗೆ ಇದೇ ಕೊನೆಯ ಅವಕಾಶ, ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಬೇರೆಯವರು ಎಂಜಲು ಮಾಡಿಟ್ಟ ಗಾಜಿನ ಸಾಮಾನು ತೊಳೆದೆ, ಪಾಸಾದರೆ ಅದೇ ಮೇಜಿನ ಮುಂದೆ ಪ್ರಯೋಗ ಮಾಡುವವಳು ನಾನೇ, ಬಿಳಿ ಕೋಟು ಬೇರೆ, ಗುಂಡಿ ಕೂಡುತ್ತದೋ ಇಲ್ಲವೋ, ಹೊಟ್ಟೆ ಮುಂದೆ ಬಂದಿದೆ — ಬೆಳಿಗ್ಗೆ ಇವರು ನೀರಿನ ಬಾಟಲಿ ಕೈಗಿಟ್ಟು, ಫೇಲಾದ್ರೆ ಆಗ್ಲಿ ಬಿಡು, ಮನೇಲಿ ಯಾರೂ ಏನೂ ಅನ್ನಲ್ಲ, ಎಂದರು, ಒಳ್ಳೆಯ ಮನುಷ್ಯ, ಆದರೆ ನನಗೆ ಹಾಗೆ ಬಿಡಲು ಆಗುವುದಿಲ್ಲ, ಪಾಸಾಗಬೇಕು, ಆಸೆಯಾಗಿದೆ, ಈ ವಯಸ್ಸಿಗೆ ನಾಚಿಕೆ ಬಿಟ್ಟಷ್ಟು ಆಸೆ. ಟೈಮ್ ಆಗ್ತಾ ಬಂತು, ಹಾಳೆ ಸೇರಿಸಿ ದಾರ ಕಟ್ಕೊಳ್ಳಿ, ಮೇಲ್ವಿಚಾರಕಿ ಬೆನ್ನ ಹಿಂದೆ ಹಾದುಹೋದಳು, ಪೆನ್ನು ತನ್ನಷ್ಟಕ್ಕೆ ಮೂರನೆಯ ಕಾರ್ಬನ್ನಿನ ಪಕ್ಕಕ್ಕೆ ಹೋಗಿದೆ, ಸುತ್ತ ಎಲ್ಲವಕ್ಕೂ ಹೈಡ್ರೋಜನ್, ಇದಕ್ಕೊಂದಕ್ಕೇ ಇಲ್ಲ, ಒಂದಾದರೂ, ಪಾಪ — ತಡಿ, ಎಣಿಸು, ಎಡಗಡೆಯವನ ಜೊತೆ ಒಂದು ಕೈ, ಬಲಗಡೆಯವನ ಜೊತೆ ಒಂದು, ಮೇಲೆ ಈಥೈಲ್, ಕೆಳಗೆ ಮೀಥೈಲ್, ನಾಲ್ಕು ಮುಗಿಯಿತು, ನಾಲ್ಕು ಕಡೆಯೂ ತನ್ನವರೇ, ಇದು ಹಸಿದಿಲ್ಲ, ಹಸಿದೇ ಇರಲಿಲ್ಲ, ನಾನೇ ಸುಮ್ಮನೆ ಮರುಗಿದ್ದು. ಪೆನ್ನನ್ನು ಹಿಂದಕ್ಕೆ ತಂದೆ, ಮುಚ್ಚಳ ಹಾಕಿದೆ, ದಾರ ಕಟ್ಟಬೇಕು, ಕಟ್ಟುತ್ತೇನೆ, ಇನ್ನೊಮ್ಮೆ ನೋಡಿ ಕಟ್ಟುತ್ತೇನೆ, ಮೂರನೆಯ ಕಾರ್ಬನ್, ನಾಲ್ಕು ಗೆರೆ, ಪಕ್ಕದಲ್ಲಿ ಬಿಳಿ ಜಾಗ, ಮೂರನೆಯ ಕಾರ್ಬನ್, ನಾಲ್ಕು ಗೆರೆ, ನಾಲ್ಕೇ ಗೆರೆ