ತಿಥಿ ತಿಳಿಯದವರ ದಿನ

ನೆರೆಮನೆಯವರು ಸಕ್ಕರೆ ಕೇಳಿದರೆ ಕೊಡುವುದು ಸುಲಭ. ಹಿಮ ಬಿದ್ದಾಗ ಸಲಿಕೆ ಕೇಳಿದರೂ ಸುಲಭವೇ. ಆದರೆ "ನನ್ನ ಪಕ್ಕ ನಿಂತು ಒಂದು ಮಾತು ಹೇಳು" ಎಂದು ಕೇಳಿದರೆ ಮಾತ್ರ ನಮಗೆಲ್ಲ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಗುತ್ತದೆ.

೧೯೭೫ರ ಏಪ್ರಿಲ್ ತಿಂಗಳು. ಉತ್ತರ ನ್ಯೂಜೆರ್ಸಿಯ ಒಂದು ಸಣ್ಣ ಊರು. ಅಂದು ಶೈಲಜಾಳ ಮನೆಯ ಬಾಗಿಲು ತಟ್ಟಿದವರು ಪಕ್ಕದ ಮನೆಯ ಅರಾಕ್ಸಿ ಅಜ್ಜಿ. ಅವರು ಆರ್ಮೇನಿಯನ್ ಜನ. ಬೈರೂತಿನಿಂದ ಮಗನ ಮನೆಗೆ ಬಂದು ಕೆಲವು ವರ್ಷಗಳಾಗಿದ್ದವು. ಹೈಸ್ಕೂಲಿನ ಸಂಜೆ ಕ್ಲಾಸಿನಲ್ಲಿ ಅಜ್ಜಿಯೂ ಶೈಲಜಾಳೂ ಅಕ್ಕಪಕ್ಕ ಕುಳಿತು ಇಂಗ್ಲಿಷ್ ಕಲಿಯುತ್ತಿದ್ದರು.

"ಮಂಗಳವಾರ ಟೌನ್ ಹಾಲಿನಲ್ಲಿ ಸಭೆ," ಎಂದರು ಅಜ್ಜಿ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ. "ಏಪ್ರಿಲ್ ಇಪ್ಪತ್ತನಾಲ್ಕನ್ನು ನಮ್ಮ ಸತ್ತವರ ನೆನಪಿನ ದಿನ ಅಂತ ಊರು ಒಪ್ಪಬೇಕು ಅಂತ ಕೇಳಿದ್ದೇವೆ. ನಾನು ಮಾತಾಡಬೇಕು. ಮಗನಿಗೆ ಸಂಜೆ ಪಾಳಿ, ರಜ ಸಿಗಲಿಲ್ಲ. ಅಮ್ಮನ ವಿಷಯ ಬಂದರೆ ನನ್ನ ಗಂಟಲು ಮುಚ್ಚಿಹೋಗುತ್ತದೆ. ನಾನು ನಿಲ್ಲಿಸಿದರೆ ನೀನು ಮುಂದುವರಿಸು."

ಕ್ಲಾಸಿನಲ್ಲಿ "ಪ್ರೆಸೆಂಟ್" ಎನ್ನುವಾಗಲೇ ಶೈಲಜಾಳ ದನಿ ನಡುಗುತ್ತಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ನೋಡ್ತೀನಿ ಅಜ್ಜಿ," ಎಂದಳು, ಇಂಗ್ಲಿಷಿನಲ್ಲೇ.

ನಮ್ಮವರು "ನೋಡ್ತೀನಿ" ಎಂದರೆ ಏನರ್ಥ ಎಂಬುದು ನಮಗೆ ಗೊತ್ತು. ಪಾಪ, ಅಜ್ಜಿಗೆ ಗೊತ್ತಿರಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದೇ ತಿಳಿದು ಅವಳ ಕೆನ್ನೆ ಸವರಿ ಹೋದರು. ಸಂಜೆಯ ಹೊತ್ತಿಗೆ ಅವರ ಚರ್ಚಿನವರಿಗೆಲ್ಲ ಸುದ್ದಿ ಹೋಗಿತ್ತು. ಅಜ್ಜಿಯ ಜೊತೆಗೆ ಇಂಡಿಯನ್ ಹುಡುಗಿ ನಿಲ್ಲುತ್ತಾಳಂತೆ ಎಂದು ಬೀದಿಯಲ್ಲಿ ಸಿಕ್ಕವರು ಅವಳ ಕೈಕುಲುಕತೊಡಗಿದರು.

ಗಂಡ ಪ್ರಾಣೇಶ ಧಾರವಾಡದವನು. ಆಫೀಸಿನಿಂದ ಬಂದು ಸುದ್ದಿ ಕೇಳಿದವನೇ ಟೈ ಬಿಚ್ಚುವುದನ್ನೂ ಮರೆತ.

"ಏ ಶೈಲಾ, ನಿನಗೇನರೆ ಬುದ್ಧಿ ಅದ ಏನು? ಗ್ರೀನ್ ಕಾರ್ಡ್ ಬಂದು ವರ್ಷ ಆಗಿಲ್ಲ. ಮಂದಿ ಉಸಾಬರಿ ನಮಗ್ಯಾಕ ಬೇಕು?"

"ನಾನು ಹೂಂ ಅನ್ನಲಿಲ್ಲ ರೀ. ನೋಡ್ತೀನಿ ಅಂದೆ ಅಷ್ಟೆ."

"ಮೈಸೂರಿನವರದು ಇದೇ ಆತು! ಹೂಂನೂ ಇಲ್ಲ, ಉಹೂಂನೂ ಇಲ್ಲ. ಈಗ ಹೋಗಿ ಆಗೂದಿಲ್ಲ ಅಂತ ಹೇಳಿ ಬಾ."

ಶೈಲಜಾ ಎರಡು ಸಲ ಅಜ್ಜಿಯ ಮನೆಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಳು. ಹೋದರೆ ಗಂಡನಿಗೆ ತೊಂದರೆಯಾದೀತು. ಹೋಗದಿದ್ದರೆ ಆ ಮುದುಕಿ ಅಷ್ಟು ಜನರೆದುರು ಒಬ್ಬರೇ ನಿಂತು ತಡವರಿಸುತ್ತಾರೆ.

ಶನಿವಾರ ಮಧ್ಯಾಹ್ನ ತ್ರಿಪುರಸುಂದರಿ ಊಟಕ್ಕೆ ಬಂದರು. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವರು. ಸುತ್ತಲಿನ ಕನ್ನಡದವರಿಗೆಲ್ಲ ಸುಂದರಕ್ಕ. ಪ್ರಾಣೇಶ ಸಾರು ಬಡಿಸಿಕೊಳ್ಳುತ್ತಲೇ ದೂರು ಹೇಳಿದ.

"ನೀವರೆ ಹೇಳ್ರಿ ಸುಂದರಕ್ಕಾ. ಅರವತ್ತು ವರ್ಷದ ಹಿಂದಿಂದು. ಈಗ್ಯಾಕ ಕೆದಕೂದು?"

"ಏನಾಯ್ತು ಅಂತಾದರೂ ಗೊತ್ತೇನಪ್ಪಾ ನಿನಗೆ?"

"ಏನೋ ಯುದ್ಧದಾಗ ಸತ್ತಾರ."

"ಯುದ್ಧ ನಡೀತಿತ್ತು, ನಿಜ. ಆದರೆ ಇವರು ಸತ್ತಿದ್ದು ರಣರಂಗದಲ್ಲಲ್ಲ. ೧೯೧೫ನೇ ಇಸವಿ. ಈಗಿನ ಟರ್ಕಿಯಲ್ಲಿ ಆಟೊಮನ್ ಸರ್ಕಾರದ ಕಾಲ. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ರಾಜಧಾನಿಯಲ್ಲಿ ಆರ್ಮೇನಿಯನ್ ಮುಖಂಡರನ್ನು, ಬರಹಗಾರರನ್ನು ಹಿಡಿದರು. ಆಮೇಲೆ ಊರೂರಿಂದ ಗಂಡಸರನ್ನು ಬೇರೆ ಮಾಡಿ ಕೊಂದರು. ಹೆಂಗಸರು ಮಕ್ಕಳನ್ನ ಮರುಭೂಮಿಗೆ ನಡೆಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಂತ ಇತಿಹಾಸಕಾರರ ಲೆಕ್ಕ. ಒಂದು ಜನಾಂಗವೇ ಇರಬಾರದು ಅಂತ ಮಾಡೋ ಕೊಲೆಗೆ ಜನಾಂಗಹತ್ಯೆ ಅಂತಾರೆ."

ಪ್ರಾಣೇಶ ತುತ್ತು ಎತ್ತಿದವನು ಕೈ ಇಳಿಸಿದ. ಆದರೂ ಬಿಡಲಿಲ್ಲ.

"ನಮ್ಮ ಲ್ಯಾಬಿನ್ಯಾಗ ಟರ್ಕಿಯವ ಒಬ್ಬ ಅದಾನ. ಭಾಳ ಛಲೋ ಮನಷ್ಯಾ. ನಾಳೆ ಅವನ ಮುಖ ಹೆಂಗ ನೋಡ್ಲಿ?"

"ನೇರವಾಗಿ ನೋಡು. ಅವನು ಆಗ ಹುಟ್ಟೇ ಇರಲಿಲ್ಲವಲ್ಲ ಮಾರಾಯ. ಅವನ ಮೇಲೆ ಯಾರೂ ತಪ್ಪು ಹೊರಿಸ್ತಿಲ್ಲ. ಆದದ್ದನ್ನ ಆಯ್ತು ಅನ್ನಿ ಅಂತ ಕೇಳ್ತಿದಾರೆ, ಅಷ್ಟೇ."

"ಹಂಗಾದ್ರ ಮನ್ಯಾಗ ದೀಪಾ ಹಚ್ಚಿ ನೆನಸ್ಲಿ. ಊರ ಸಭಾ ಯಾಕ?"

ಸುಂದರಕ್ಕ ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟರು. "ಆ ಸರ್ಕಾರದ ಉತ್ತರಾಧಿಕಾರಿಗಳು ಇವತ್ತಿಗೂ ಅಂಥದ್ದು ನಡೆದೇ ಇಲ್ಲ ಅಂತಾರೆ. ಸತ್ತವರೇ ಇಲ್ಲ ಅಂದರೆ ಬದುಕಿದವರು ಸುಳ್ಳುಗಾರರಾಗ್ತಾರೆ, ಪ್ರಾಣೇಶ. ಆ ಅಜ್ಜಿ ಅರವತ್ತು ವರ್ಷ ಹಾಗೆ ಬದುಕಿದಾರೆ. ಪೂರ್ವ ಬಂಗಾಳದ ಹತ್ಯಾಕಾಂಡ ಮೊನ್ನೆ ಮೊನ್ನೆ, ಎಪ್ಪತ್ತೊಂದರಲ್ಲಿ ಆಯ್ತು, ನಾವೇ ಕಂಬಳಿ ಕೂಡಿಸಿ ಕಳಿಸಿದ್ವಿ. ಅದೂ ಸುಳ್ಳು ಅಂತ ನಾಳೆ ಯಾರಾದರೂ ಅಂದರೆ?"

ಅಷ್ಟರಲ್ಲಿ ಬಾಗಿಲ ಬಳಿ ಅಜ್ಜಿ. ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡು ತಂದಿದ್ದರು. ಶೈಲಜಾ ತಲೆ ತಗ್ಗಿಸಿ ಕುರ್ಚಿ ಎಳೆದಳು. ಆಗುವುದಿಲ್ಲ ಎಂದು ಈಗಲೇ ಹೇಳಬೇಕು. ನಾಲಿಗೆಯ ತುದಿಗೆ ಬಂದಿತ್ತು.

ಮನೆಗೆ ಬಂದ ಹಿರಿಯರೆದುರು ಸುಮ್ಮನೆ ಕೂರಲಾರದೆ ಪ್ರಾಣೇಶನೇ ಮಾತೆತ್ತಿದ. ತಂದೆತಾಯಿಯ ಶ್ರಾದ್ಧವನ್ನು ಅಮೆರಿಕದಲ್ಲೂ ಒಂದು ವರ್ಷ ತಪ್ಪಿಸದವನು ಅವನು. ರೂಢಿಯಂತೆ ಕೇಳಿದ, "ನಿಮ್ಮ ತಾಯಿ ತೀರಿಕೊಂಡದ್ದು ಯಾವ ದಿನ?"

"ಗೊತ್ತಿಲ್ಲ," ಎಂದರು ಅಜ್ಜಿ. "ನನಗೆ ಎಂಟು ವರ್ಷ. ನಡೆಯುತ್ತಿದ್ದೆವು. ಅಮ್ಮ ಕೂತುಬಿಟ್ಟಳು. ನೀನು ನಡೆ, ಬರುತ್ತೇನೆ ಅಂದಳು. ಸಿಪಾಯಿ ಹಿಂದೆ ಇದ್ದ. ನಾನು ನಡೆದೆ. ಯಾವ ದಿನ, ಯಾವ ಜಾಗ... ಯಾರನ್ನು ಕೇಳಲಿ?"

ಪ್ರಾಣೇಶ ಕೈ ತೊಳೆಯಲು ಎದ್ದವನು ಸಿಂಕಿನ ಮುಂದೆಯೇ ನಿಂತುಬಿಟ್ಟ. ತಿರುಗಿದಾಗ ಅವನ ದನಿ ಬದಲಾಗಿತ್ತು.

"ಶೈಲಾ, ತಿಥಿ ಗೊತ್ತಿಲ್ಲದವರಿಗೆ ನಮ್ಮಲ್ಲಿ ಏನು ಮಾಡ್ತಾರ?"

"ಮಹಾಲಯ ಅಮಾವಾಸ್ಯೆ ದಿನ ಎಳ್ಳುನೀರು ಬಿಡ್ತಾರೆ."

"ಅದ... ಯಾರೂ ಇಲ್ಲದವರಿಗೂ ಅವತ್ತೇ ಬಿಡ್ತೀವಿ. ಇವರಿಗೆ ಇಪ್ಪತ್ತನಾಲ್ಕನೇ ತಾರೀಖು ಅಂದ್ರ ಅದೇ ಅಲ್ಲೇನು?" ಆಮೇಲೆ ಮೆಲ್ಲಗೆ ಹೇಳಿದ. "ನೀ ಹೋಗು. ನಾನೂ ಬರ್ತೀನಿ. ಹಿಂದ ಕೂಡ್ತೀನಿ."

ಮಂಗಳವಾರ ಸಂಜೆ ಟೌನ್ ಹಾಲು ತುಂಬಿತ್ತು. ಶೈಲಜಾ ಸೀರೆಯ ಮೇಲೆ ಕೋಟು ತೊಟ್ಟು ಅಜ್ಜಿಯ ಜೊತೆ ಮೈಕಿನ ಮುಂದೆ ನಿಂತಳು. ಅಜ್ಜಿ ತಮ್ಮ ಊರಿನ ಹೆಸರು ಹೇಳಿದರು, ಅಪ್ಪನ ಬಡಗಿ ಕೆಲಸದ ವಿಷಯ ಹೇಳಿದರು, ನಡೆಸಿಕೊಂಡು ಹೋದ ದಾರಿ ಹೇಳಿದರು. "ನನ್ನ ಅಮ್ಮ," ಎಂದರು. ಅಲ್ಲಿಗೆ ನಿಂತುಹೋಯಿತು.

ಸಭೆಯಲ್ಲಿ ಯಾರೋ ಕೆಮ್ಮಿದರು. ಇನ್ನೊಬ್ಬರು ಗಡಿಯಾರ ನೋಡಿದರು. ಶೈಲಜಾಳಿಗೆ ಕಲಿತ ಇಂಗ್ಲಿಷೆಲ್ಲ ಮರೆತಂತಾಯಿತು. ಅಜ್ಜಿಯ ಕೈ ಹಿಡಿದು, ಸಂಜೆ ಕ್ಲಾಸಿನ ಚಿಕ್ಕ ಚಿಕ್ಕ ವಾಕ್ಯಗಳಲ್ಲೇ ಹೇಳಿದಳು. "ಅವರ ಅಮ್ಮ ಕುಳಿತರು. ಎಂಟು ವರ್ಷದ ಮಗು ನಡೆಯಿತು. ಅಮ್ಮ ಬರಲಿಲ್ಲ. ಸಮಾಧಿ ಇಲ್ಲ. ತಾರೀಖು ಇಲ್ಲ. ಅದಕ್ಕೇ ಒಂದು ದಿನ ಕೇಳುತ್ತಿದ್ದಾರೆ."

ಪುರಸಭೆಯ ಸದಸ್ಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು. "ಹಳೆಯ ದೇಶದ ಜಗಳ ಇಲ್ಲೇಕೆ? ಆರ್ಮೇನಿಯನ್ನರಲ್ಲದೆ ಊರಿನಲ್ಲಿ ಬೇರೆ ಯಾರಿಗೆ ಇದು ಬೇಕಾಗಿದೆ?"

ಶೈಲಜಾ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಪ್ರಾಣೇಶ ಎದ್ದು ನಿಂತಿದ್ದ.

"ನನಗೆ ಬೇಕು ಸರ್. ನಾನು ಇಂಡಿಯಾದವನು, ಇದೇ ಊರಿನ ನಿವಾಸಿ," ಎಂದ. ಅವನ ಪಕ್ಕದ ಐರಿಷ್ ಅಂಗಡಿಯವರೂ ಎದ್ದರು. ಮುಂದಿನ ಸಾಲಿನ ಇಬ್ಬರು ಎದ್ದರು. ಮತ್ತೆ ಕೆಲವರು.

ಐವರಲ್ಲಿ ಮೂವರು ಸದಸ್ಯರು ಕೈ ಎತ್ತಿದರು. ಠರಾವು ಪಾಸಾಯಿತು.

ಬರೆದುಕೊಳ್ಳುತ್ತಿದ್ದ ಕ್ಲರ್ಕ್ ತಲೆಯೆತ್ತಿ, "ಮ್ಯಾಡಂ, ನಿಮ್ಮ ತಾಯಿಯ ಹೆಸರು?" ಎಂದು ಕೇಳಿದಳು.

"ವರ್ತೂಹಿ," ಎಂದರು ಅಜ್ಜಿ. ಈ ಸಲ ಗಂಟಲು ಕಟ್ಟಲಿಲ್ಲ. ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದರು. "ನನ್ನ ಅಮ್ಮನ ಹೆಸರು ವರ್ತೂಹಿ."

ಬಂಧುಗಳೇ, ನಿಮ್ಮ ಬೀದಿಯಲ್ಲೂ ಇಂಥ ಒಬ್ಬ ಅಜ್ಜಿಯೋ ತಾತನೋ ಇರಬಹುದು. ಆರ್ಮೇನಿಯನ್ ಇರಬಹುದು, ಯೆಹೂದಿ ಇರಬಹುದು, ಬಂಗಾಳಿ ಇರಬಹುದು. ಅವರ ಮನೆಗೆ ಹೋಗಿ ಕುಳಿತುಕೊಳ್ಳಿ, ಕೇಳಿಸಿಕೊಳ್ಳಿ, ಕೇಳಿದ್ದನ್ನು ಮಕ್ಕಳಿಗೆ ಹೇಳಿ. ಅವರ ನೆನಪಿನ ದಿನ ಬಂದಾಗ ಜೊತೆಗೆ ನಿಲ್ಲಿ. ಊರಿನ ಸಭೆಗೆ ಹೋಗಿ ಮಾತಾಡಲು ಓಟಿನ ಹಕ್ಕೇ ಬೇಕೆಂದಿಲ್ಲ, ಒಳ್ಳೆಯ ಇಂಗ್ಲಿಷೂ ಬೇಕಾಗಿಲ್ಲ. ಯಾರಾದರೂ ಬಂದು ಕರೆದರೆ ದಯವಿಟ್ಟು "ನೋಡ್ತೀನಿ" ಎನ್ನಬೇಡಿ. "ಬರ್ತೀನಿ" ಎನ್ನಿ, ಹೋಗಿ.