ಎರಡು ಲೋಟದ ತಮ್ಮ

ನನ್ನ ತಮ್ಮ ಭೋಜನ್ ದಪ್ಪ. ಇದನ್ನು ಮುದ್ದಿನಿಂದ ಹೇಳುತ್ತಿಲ್ಲ, ಸಿಟ್ಟಿನಿಂದ ಹೇಳುತ್ತಿದ್ದೇನೆ. ನನ್ನ ಎರಡು ಕಿಡ್ನಿಯೂ ಕೈಕೊಟ್ಟಿವೆ. ಅವನದು ನನಗೆ ಹೊಂದುತ್ತದೆ, ಒಂದನ್ನು ಕೊಡುತ್ತೇನೆಂದು ಅವನೇ ಮುಂದೆ ಬಂದ. ಆದರೆ ತೂಕ ಇಳಿಸದೆ ಆಪರೇಷನ್ ಇಲ್ಲ ಎಂದು ಕೊಯಮತ್ತೂರಿನ ಡಾಕ್ಟರು ಹೇಳಿಬಿಟ್ಟರು. ಅಂದಿನಿಂದ ನನ್ನ ಜೀವ ಅವನ ಹೊಟ್ಟೆಯ ಕೈಯಲ್ಲಿತ್ತು.

ಅವನು ಪಥ್ಯ ಶುರುಮಾಡಿದ. ರಾಗಿ ಹಿಟ್ಟು ಬಿಟ್ಟ, ಅನ್ನ ಬಿಟ್ಟ, ನೆಂಟರ ಮನೆಯ ಕರಿದ ತಿಂಡಿಯನ್ನೂ ಬಿಟ್ಟ. ತೋಟಕ್ಕೆ ಟೀ ಎಲೆ ಕೀಳಲು ಬಂದ ಹೆಂಗಸರು ಬುತ್ತಿ ಬಿಚ್ಚಿದರೆ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ. ಮಾತೆತ್ತಿದರೆ ಹಸಿವು, ಸುಮ್ಮನಿದ್ದರೂ ಹಸಿವು.

ಅದೇ ಹೊತ್ತಿಗೆ ನನ್ನ ಮಗಳು ಜನನಿಯ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ವಾಟ್ಸಾಪಿನಲ್ಲಿ ಪತ್ರಿಕೆ ಒಗೆದು ಕಾಲುಚಾಚಿ ಕೂರುವುದಲ್ಲ. ಹಟ್ಟಿ ಹಟ್ಟಿಗೆ ಹೋಗಿ ಮನೆ ಮನೆಯ ಹೊಸಿಲು ತುಳಿಯಬೇಕು. ಕೂತ ಕೂಡಲೇ ಕೈಗೆ ಲೋಟ ಬರುತ್ತದೆ. ಒಂದು ಮನೆಯಲ್ಲಿ ಬೆಲ್ಲದ ಕಾಪಿ, ಇನ್ನೊಂದರಲ್ಲಿ ಸಕ್ಕರೆ ಸುರಿದ ಹಾಲು, ಸ್ವಲ್ಪ ಅಂತಸ್ತಿನ ಮನೆಯಾದರೆ ಬಾಟಲಿಯ ಬಣ್ಣದ ನೀರು. ಕುಡಿಯದೆ ಎದ್ದರೆ ಆ ಮನೆಗೇ ಅವಮಾನ.

ಡಯಾಲಿಸಿಸ್ ಮಾಡಿಸಿಕೊಳ್ಳುವ ನನಗೋ, ನೀರು ಕೂಡ ಅಳತೆಯಲ್ಲಿ. ಕಾಯಿಲೆಯ ಸುದ್ದಿ ಗಂಡಿನ ಮನೆಗೆ ಮುಟ್ಟಿದರೆ ಸಂಬಂಧ ಮುರಿದೀತೆಂದು ನಾನು ಹೊರಗೆ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಕೈಯ ಮೇಲಿನ ಸೂಜಿಗಾಯ ಸ್ವೆಟರಿನೊಳಗೆ ಅಡಗಿತ್ತು. ಈ ಬೆಟ್ಟದ ಚಳಿಯಲ್ಲಿ ಸ್ವೆಟರ್ ಯಾಕೆ ಹಾಕಿದೆ ಎಂದು ಯಾರೂ ಕೇಳುವುದಿಲ್ಲ.

ಸೋದರಮಾವನಾದ್ದರಿಂದ ಭೋಜನ್ ಎಲ್ಲ ಕಡೆಗೂ ಜೊತೆಗೆ ಬರುತ್ತಿದ್ದ. ತನ್ನ ಲೋಟ ಮುಗಿಸಿ, ಮನೆಯವರು ಆಚೆ ಸರಿದದ್ದೇ ತಡ, ನನ್ನದನ್ನೂ ಎತ್ತಿ ಗಟಗಟ ಇಳಿಸುತ್ತಿದ್ದ. ತಟ್ಟೆಯಲ್ಲಿದ್ದ ವಡೆಯನ್ನು ಮಾತ್ರ ದೊಡ್ಡ ಸನ್ಯಾಸಿಯ ಹಾಗೆ ಪಕ್ಕಕ್ಕೆ ತಳ್ಳುತ್ತಿದ್ದ. ಕುಡಿದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನು ನಂಬಿದ್ದ. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಮತ್ತೆ ತೂಕ ನೋಡುವ ದಿನ ಬಂತು. ಮುಳ್ಳು ಇಳಿಯುವ ಬದಲು ಏರಿತ್ತು. ನನಗೆ ಮೈಯೆಲ್ಲ ಉರಿಯಿತು. ಕದ್ದು ತಿಂದಿದ್ದಾನೆ, ಕತ್ತಿಗೆ ಹೆದರಿ ಬೇಕೆಂದೇ ಉಬ್ಬಿದ್ದಾನೆ ಅನಿಸಿತು. ಮನಸ್ಸಿಲ್ಲದಿದ್ದರೆ ಗಂಡಸಿನ ಹಾಗೆ ಹೇಳಿಬಿಡು ಎಂದು ಆಸ್ಪತ್ರೆಯವರ ಎದುರಿಗೇ ಕೂಗಾಡಿದೆ.

ಪಥ್ಯ ಹೇಳುವ ನಿವೇತಾ ಎಂಬ ಹುಡುಗಿ ನನ್ನನ್ನು ಕೂರಿಸಿ, ತಿಂದದ್ದು ಇರಲಿ, ಕುಡಿದದ್ದೇನು ಎಂದು ಅವನನ್ನು ಕೇಳಿದಳು. ಅವನು ಒಂದೊಂದೇ ಮನೆ ನೆನಪಿಸಿಕೊಂಡು ಹೇಳುತ್ತ ಹೋದ ಹಾಗೆ ಆಕೆ ತಲೆಯ ಮೇಲೆ ಕೈ ಹೊತ್ತಳು. ಹೊಟ್ಟೆ ಖಾಲಿಯಾದಾಗ ಹಸಿವಿನ ಹಾರ್ಮೋನು ಏರುತ್ತದಂತೆ. ಅಗಿದು ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆ, ಸಾಕು ಎಂಬ ಸುದ್ದಿ ಮೇಲಕ್ಕೆ ಹೋಗುತ್ತದೆ, ಹಸಿವು ತಗ್ಗುತ್ತದೆ. ಕುಡಿದದ್ದು ಹಾಗಲ್ಲ, ಬೇಗ ಜಾರಿ ಹೋಗುತ್ತದೆ. ಹಸಿವು ಇದ್ದ ಹಾಗೇ ಇರುತ್ತದೆ, ಸಕ್ಕರೆ ಮಾತ್ರ ಮೈಗೆ ಹತ್ತುತ್ತದೆ. ಪಾಪದವನು ಹಸಿದು ಹಸಿದೇ ದಪ್ಪಗಾಗಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ, ನಿನ್ನ ಪಾಲು ಕುಡಿದೆ ಸರಿ, ನನ್ನದನ್ನು ಹಾಗೇ ಬಿಡಬೇಕಿತ್ತು ಎಂದೆ. ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ:

"ನೀ ಕುಡಿಯದೆ ಇಟ್ಟಲೆ ಅವಕ ಗೊತ್ತಾಗದಾ, ಅಕ್ಕಾ? ಜನನಿ ಮದುವೆ ನಿಂತುಹೋದಲೆ?"

ಹಾಳಾದವನು. ನನ್ನ ಗುಟ್ಟನ್ನು ಲೋಟ ಲೋಟ ಕುಡಿದು ಹೊಟ್ಟೆ ಬೆಳೆಸಿದ್ದ.

ಮರುದಿನ ಹುಬ್ಬತಲೈಗೆ ಹೋಗುವುದಿತ್ತು, ಗಂಡಿನ ಮನೆಗೆ. ವರ ಪ್ರವೀಣ್‌ಕುಮಾರನ ಅಜ್ಜಿ ಚಿನ್ನಮ್ಮಾಳ್, ನಮ್ಮ ಮಾತಿನಲ್ಲಿ ಹೆತ್ತೆ, ಅಲ್ಲಿ ಹೇಳಿದ್ದೇ ಕಾನೂನು. ಅವಳೇ ಎರಡು ಲೋಟ ಕಾಪಿ ತಂದು ಇಟ್ಟು ಎದುರಿಗೇ ಕೂತಳು, ಅಲ್ಲಾಡಲಿಲ್ಲ. ಭೋಜನ್ ಮೊದಲ ಲೋಟಕ್ಕೆ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಹೆತ್ತೆ, ಎನ್ನ ಕಿಡ್ನಿ ಎರಡೂ ಕೆಟ್ಟುಹೋತು," ಎಂದೆ. "ಎನಗ ಇದ ಕುಡಿಯಕ ಆಗದು. ಎನ್ನ ತಮ್ಮ ಕಿಡ್ನಿ ಕೊಡೋನು, ಅವನೂ ಕುಡಿಯಬಾರದು."

ಮುದುಕಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ನನ್ನ ಲೋಟ ಎತ್ತಿ ತಾನೇ ಕುಡಿದಳು. ಅವನದನ್ನೂ ಕುಡಿದಳು. ಎದ್ದು ಒಳಗೆ ಹೋದಳು. ಮುಗಿಯಿತು, ನನ್ನ ಮಗಳ ಬಾಳನ್ನು ನಾನೇ ಕೆಡಿಸಿದೆ ಅಂದುಕೊಂಡೆ.

ಬೇಯಿಸಿದ ಅವರೆಕಾಳು, ಸೊಪ್ಪು ತುಂಬಿದ ತಟ್ಟೆ ಹಿಡಿದು ಅವಳು ಹೊರಗೆ ಬಂದು ಭೋಜನ್ ಮುಂದೆ ಇಟ್ಟಳು. ಅಗಿದು ತಿನ್ನು ಎಂದು ಗದರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮದುವೆ ತಡ ಆಗಲಿ. ಮೊದಲು ನಿನ್ನ ಆಪರೇಷನ್ ಆಗಲಿ. ಹೆಣ್ಣಿಗ ಅವ್ವೆ ಬೇಕು."

ಭೋಜನ್ ಬಾಯಿತುಂಬ ಕಾಳಿಟ್ಟುಕೊಂಡು ಅಳತೊಡಗಿದ. ಗಂಟಲಿಗೆ ಸಿಕ್ಕೀತು, ಮೊದಲು ಅಗಿ ಎಂದು ನಾನು ಬೈದೆ. ಬೈಯುತ್ತ ನಾನೂ ಅಳುತ್ತಿದ್ದೆ.